ಬೆಟ್ಟದ ಏರಿನಲ್ಲಿ ಟರ್ಬೊ

ನನ್ನದು ಹ್ಯುಂಡೈ ವೆರ್ನಾದ ಸಾಮಾನ್ಯ ಪೆಟ್ರೋಲ್ ಮಾದರಿ. ಭಾವನವರದು ಅದೇ ಕಾರಿನ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನವಿರುವ ಮಾದರಿ. ಎರಡೂ 2023ರಲ್ಲಿ ಬಂದ ಹೊಸ ಪೀಳಿಗೆಯವು, ಎರಡರ ಡಿಕ್ಕಿಯಲ್ಲೂ 528 ಲೀಟರ್ ಜಾಗ, ಎರಡರಲ್ಲೂ ಗೇರನ್ನು ಕೈಯಿಂದಲೇ ಬದಲಾಯಿಸಬೇಕು. ಟರ್ಬೊದ ಗುರುತೆಂದರೆ ಕಪ್ಪು ಚಕ್ರಗಳ ಸಂದಿಯಲ್ಲಿ ಕಾಣುವ ಕೆಂಪು ಬ್ರೇಕ್ ಕ್ಯಾಲಿಪರ್, ಅಂದರೆ ಬ್ರೇಕಿನ ತಟ್ಟೆಯನ್ನು ಅದುಮಿ ಹಿಡಿಯುವ ಭಾಗ. ಆ ಕೆಂಪಿಗೂ ಬ್ರೇಕಿನ ಬಲಕ್ಕೂ ಸಂಬಂಧವಿಲ್ಲವೆಂದು ನಾನು ಅವರನ್ನು ಆಗಾಗ ಕೆಣಕುವುದುಂಟು.

ಕಳೆದ ಚಳಿಗಾಲದಲ್ಲಿ ಎರಡೂ ಮನೆಯವರು ನಂದಿಬೆಟ್ಟಕ್ಕೆ ಹೊರಟಾಗ, ಮಲ್ಲೇಶ್ವರದಲ್ಲೇ ಕಾರಿನ ಕೀಲಿಗಳನ್ನು ಅದಲುಬದಲು ಮಾಡಿಕೊಂಡೆವು. ಹೆಬ್ಬಾಳದ ಮೇಲ್ಸೇತುವೆ ದಾಟುವವರೆಗೆ ನನಗೆ ಯಾವ ವಿಶೇಷವೂ ಕಾಣಲಿಲ್ಲ. 160 ಅಶ್ವಶಕ್ತಿಯ ಎಂಜಿನ್ನೂ 115 ಅಶ್ವಶಕ್ತಿಯ ಎಂಜಿನ್ನೂ ಮುಂದಿನ ಬಿಎಂಟಿಸಿ ಬಸ್ಸಿನ ಹಿಂದೆ ಒಂದೇ ವೇಗದಲ್ಲಿ ತೆವಳುತ್ತವೆ.

ಯಲಹಂಕ ದಾಟಿ ಬಳ್ಳಾರಿ ರಸ್ತೆ ತೆರೆದುಕೊಂಡ ಮೇಲೆ ವ್ಯತ್ಯಾಸ ತಿಳಿಯಿತು. ನನ್ನ ಕಾರಿನ 144 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಚುವ ಬಲ) ಪೂರ್ತಿ ಸಿಗಬೇಕಾದರೆ ಎಂಜಿನ್ ನಿಮಿಷಕ್ಕೆ 4500 ಸುತ್ತು ತಿರುಗಬೇಕು. ಟರ್ಬೊದಲ್ಲಿ 253 ನ್ಯೂಟನ್ ಮೀಟರ್ 1500 ಸುತ್ತಿಗೇ ಸಿಕ್ಕಿ 3500ರವರೆಗೂ ಹಾಗೇ ಇರುತ್ತದೆ. ಆದ್ದರಿಂದ ಲಾರಿಯನ್ನು ಹಿಂದಿಕ್ಕಲು ಗೇರ್ ಇಳಿಸಬೇಕಾಗಲಿಲ್ಲ, ಎಂಜಿನ್ನನ್ನು ಕಿರುಚಿಸಬೇಕಾಗಲೂ ಇಲ್ಲ.

ಬೆಟ್ಟದ ತಿರುವುಗಳಲ್ಲಿ ಇನ್ನೊಂದು ಲೆಕ್ಕವೂ ಸೇರಿಕೊಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿಯ ತುದಿ 1478 ಮೀಟರ್. ಗಾಳಿ ತೆಳುವಾದಂತೆ, ನನ್ನ ಕಾರಿನದರಂತೆ ಟರ್ಬೊ ಇಲ್ಲದೆ ತಾನಾಗಿ ಉಸಿರೆಳೆಯುವ ಎಂಜಿನ್ ಬಲ ಕಳೆದುಕೊಳ್ಳುತ್ತದೆ. ನಮ್ಮ ಊರಿನಲ್ಲಿಯೇ ಆ ನಷ್ಟ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು. ಟರ್ಬೊ ಮಾತ್ರ ಎಂಜಿನ್ನಿನಿಂದ ಹೊರಬರುವ ಹೊಗೆಯ ರಭಸದಿಂದಲೇ ತನ್ನೊಳಗಿನ ಪುಟ್ಟ ಚಕ್ರ ತಿರುಗಿಸಿ, ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬಿ, ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ. ರೇಸಿನ ಆಟಿಕೆಯೆಂದು ನಾನು ತಿಳಿದಿದ್ದುದು ಎತ್ತರದ ಊರಿಗೆ ಬೇಕಾದ ಉಪಕರಣವಾಗಿ ಕಂಡದ್ದು ಅಂದೇ.

ಮೇಲೆ ಚಹಾ ಕುಡಿಯುವಾಗ ಭಾವ, "ನಿನ್ನ ಕಾರು ಮೆತ್ತಗಿದೆ ಮಾರಾಯ, ಆದರೆ ತಿರುವು ಬಂದಾಗಲೆಲ್ಲ ಎರಡನೇ ಗೇರಿಗೆ ಇಳಿಸಿ ಇಳಿಸಿ ಕೈ ಸೋತಿತು" ಎಂದರು. ಇಂಧನದ ವಿಷಯದಲ್ಲಿ ಅಧಿಕೃತ ಅಂಕಿ ಟರ್ಬೊದ ಪರವಾಗಿಯೇ ಇದೆ: ಲೀಟರಿಗೆ 20 ಕಿಲೋಮೀಟರ್, ನನ್ನದಕ್ಕೆ 18.6. ನನ್ನ ಕಾಲು ಮಾತ್ರ ಆ ಅಂಕಿಗೆ ಮರ್ಯಾದೆ ಕೊಡಲಿಲ್ಲ. ಸಿಕ್ಕ ಬಲವನ್ನು ಬಳಸದೆ ಬಿಡುವ ಸಂಯಮ ಎಲ್ಲರಿಗೂ ಇರುವುದಿಲ್ಲ.

ಮರಳುವಾಗ ಅಕ್ಕ, "ನೀನೂ ಇದನ್ನೇ ತಗೋತೀಯಾ?" ಎಂದು ಕೇಳಿದಳು. ಟರ್ಬೊಗೆ ತೆರುವ ಹೆಚ್ಚುವರಿ ಹಣದ ಮೇಲೂ ಕರ್ನಾಟಕದಲ್ಲಿ ಶೇ. 17ರಷ್ಟು ಜೀವಿತಾವಧಿ ತೆರಿಗೆ ಬೀಳುತ್ತದೆ, ನಾನು ದಿನಾ ಓಡಾಡುವ ರಾಜಾಜಿನಗರ–ಪೀಣ್ಯ ದಾರಿಯಲ್ಲಿ ಮೂರನೇ ಗೇರ್ ದಾಟುವುದೇ ಅಪರೂಪ. ಮಡಿಕೇರಿಗೆ ವರ್ಗವಾದರೆ ಖಂಡಿತ ತಗೋತೀನಿ ಎಂದೆ.