ಬಾಗಿಲು ನೋಡಿ ಬೋಗಿಯ ವಯಸ್ಸು ಹೇಳಬಹುದು

2014ರಲ್ಲಿ ಬ್ರಿಸ್ಟಲ್‌ಗೆ ಬಂದ ಹೊಸತು. ಮೊದಲ ಸಲ ರೈಲಿನಲ್ಲಿ ಲಂಡನ್‌ಗೆ ಹೊರಟಿದ್ದೆ. ಅಲ್ಲಿನ ಪ್ಯಾಡಿಂಗ್ಟನ್ ನಿಲ್ದಾಣ ಬಂತು, ಇಳಿಯೋಣ ಅಂದರೆ ಬಾಗಿಲಿಗೆ ಒಳಗಡೆ ಹಿಡಿಯೇ ಇಲ್ಲ! ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಮುಂದೆ ಬಂದು, ಕಿಟಕಿಯ ಗಾಜು ಕೆಳಗಿಳಿಸಿ, ಕೈ ಹೊರಗೆ ಹಾಕಿ ಹಿಡಿ ತಿರುಗಿಸಿದರು.

ಅಪ್ಪನಿಗೆ ಫೋನ್‌ನಲ್ಲಿ ಹೇಳಿದೆ. ಅವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದವರು. "ಯಾವ ಬೋಗಿ ಅದು?" ಅಂದರು. ಅದನ್ನು ಹುಡುಕುತ್ತಾ ಹೋದವನಿಗೆ ಇವತ್ತಿಗೂ ಆ ಹುಚ್ಚು ಬಿಟ್ಟಿಲ್ಲ.

ನಮ್ಮಲ್ಲಿ ಬೋಗಿಗಳನ್ನು ಐಸಿಎಫ್ (ಚೆನ್ನೈನ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ ಹಳೆಯ ಮಾದರಿ), ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ ಹೊಸ ಮಾದರಿ) ಅನ್ನುತ್ತೇವಲ್ಲ, ಇಲ್ಲಿ ಮಾರ್ಕ್ 1, ಮಾರ್ಕ್ 2 ಅಂತ ಲೆಕ್ಕ. ನಾನು ಇಳಿಯಲು ಪರದಾಡಿದ್ದು ಮಾರ್ಕ್ 3. 23 ಮೀಟರ್ ಉದ್ದ, ಹೆಚ್ಚುಕಡಿಮೆ ನಮ್ಮ ಎಲ್‌ಎಚ್‌ಬಿಯಷ್ಟೇ. 1976ರಿಂದಲೇ ಗಂಟೆಗೆ 200 ಕಿ.ಮೀ. ಓಡಿದ ಬೋಗಿ! ಕಿಟಕಿಗಳನ್ನು ಮಾತ್ರ ಫಸ್ಟ್ ಕ್ಲಾಸ್ ಸೀಟಿನ ಅಂತರಕ್ಕೆ ಇಟ್ಟಿದ್ದರು. ಹಾಗಾಗಿ ಸಾಮಾನ್ಯ ದರ್ಜೆಯಲ್ಲಿ ಕೆಲವರ ಪಕ್ಕಕ್ಕೆ ಬರೀ ಗೋಡೆ.

ಮಾರ್ಕ್ 1 ಶುರುವಾದದ್ದು 1951ರಲ್ಲಿ. ಯಾರ್ಕ್‌ಷೈರ್‌ನ ಪಿಕರಿಂಗ್‌ನಲ್ಲಿ ಹಬೆ ರೈಲಿಗೆ ಈಗಲೂ ಅವನ್ನು ಜೋಡಿಸುತ್ತಾರೆ. ಮೆತ್ತನೆಯ ಸೀಟು, ದಡಾರನೆ ಹಾಕಿಕೊಳ್ಳುವ ಬಾಗಿಲು. ಕೂತರೆ ಏಳಲು ಮನಸ್ಸಾಗದು. ಅಪ್ಪ ಕೇಳಿದ್ದು ಒಂದೇ: "ಅಂಡರ್‌ಫ್ರೇಮ್ ಬ್ಯಾರೆ ಐತೇನು?"

ಹೌದು, ಬೇರೆಯೇ. ಕೆಳಗಿನ ಚೌಕಟ್ಟು ಬೇರೆ, ಮೇಲೆ ಕೂರಿಸಿದ ಪೆಟ್ಟಿಗೆ ಬೇರೆ. ಅಪಘಾತವಾದರೆ ಒಂದು ಬೋಗಿಯ ಚೌಕಟ್ಟು ಮೇಲೆದ್ದು ಇನ್ನೊಂದರ ಪೆಟ್ಟಿಗೆಯನ್ನು ಸೀಳಿಬಿಡುತ್ತಿತ್ತು. 1988ರಲ್ಲಿ ಕ್ಲಾಪಮ್ ಜಂಕ್ಷನ್‌ನಲ್ಲಿ 35 ಜನ ಸತ್ತಾಗಲೂ ಓಡುತ್ತಿದ್ದದ್ದು ಇಂಥ ಬೋಗಿಗಳೇ. 2005ರ ಹೊತ್ತಿಗೆ ಮುಖ್ಯ ಮಾರ್ಗಗಳ ದಿನನಿತ್ಯದ ರೈಲುಗಳಿಂದ ಇವನ್ನು ತೆಗೆದರು. ಎಷ್ಟೇ ಚೆಂದವಿದ್ದರೂ ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

1964ರಲ್ಲಿ ಬಂದ ಮಾರ್ಕ್ 2ರಲ್ಲಿ ಚೌಕಟ್ಟು, ಪೆಟ್ಟಿಗೆ ಎರಡೂ ಒಂದೇ ಅಂಗವಾದವು. ಪೆರಂಬೂರಿನ ನಮ್ಮ ಕಾರ್ಖಾನೆಯ ಹೆಸರಿನ 'ಇಂಟೆಗ್ರಲ್' ಅಂದರೆ ಅದೇ ಅಲ್ವಾ? ಅದು ಶುರುವಾಗಿದ್ದು 1955ರಲ್ಲಿ, ಸ್ವಿಸ್ ವಿನ್ಯಾಸದಿಂದ. "ನಾವು ಮೊದಲು!" ಅಂತ ಅಪ್ಪನಿಗೆ ಖುಷಿಯೋ ಖುಷಿ.

ಈಗ ಬ್ರಿಸ್ಟಲ್ ರೈಲುಗಳಲ್ಲಿ 26 ಮೀಟರ್‌ನ ಹೊಸ ಬೋಗಿಗಳು. ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಆದರೆ ಪ್ಯಾಡಿಂಗ್ಟನ್‌ನಿಂದ ಪೆನ್ಜಾನ್ಸ್‌ಗೆ ಹೋಗುವ ರಾತ್ರಿ ರೈಲಿನಲ್ಲಿ ಇನ್ನೂ ಮಾರ್ಕ್ 3 ಇದೆ. ಮುಂದಿನ ಬೇಸಿಗೆಗೆ ಅಪ್ಪ ಬರುತ್ತಿದ್ದಾರೆ. ಅದರಲ್ಲೇ ಕರೆದುಕೊಂಡು ಹೋಗುತ್ತೇನೆ.