ಪ್ಯಾಕೇಜಿನೊಳಗೆ ಏನಿರಬೇಕು, ಸಿಸ್ಟಂಗೆ ಏನನ್ನು ಬಿಡಬೇಕು

ಜಾಂಗೋ ವೆಬ್ ಫ್ರೇಮ್‌ವರ್ಕನ್ನು ಪೈಥಾನಿನಲ್ಲೇ ಬರೆದಿರುವುದರಿಂದ ಅದನ್ನು ಪ್ಯಾಕೇಜ್ ಮಾಡುವುದು ಹೊರನೋಟಕ್ಕೆ ಸುಲಭವೆಂದೇ ತೋರುತ್ತದೆ. ನೇರವಾಗಿ ಇನ್‌ಸ್ಟಾಲ್ ಮಾಡಲು ಸಿದ್ಧವಾಗಿರುವ ಅದರ ಪ್ಯಾಕೇಜ್ ಕಡತದ, ಅಂದರೆ ವ್ಹೀಲ್‌ನ, ಹೆಸರಿನ ಕೊನೆಗೆ ‘ಪಿವೈ3-ನನ್-ಎನಿ’ ಎಂಬ ಗುರುತಿರುತ್ತದೆ. ಅಂದರೆ ಪ್ರೊಸೆಸರ್ ಯಾವುದು, ಆಪರೇಟಿಂಗ್ ಸಿಸ್ಟಂ ಯಾವುದು ಎಂಬುದನ್ನು ಅದು ಕೇಳುವುದಿಲ್ಲ. ಹಾಗಿದ್ದೂ ಅದೇ ಪ್ಯಾಕೇಜಿನ ಅವಲಂಬನೆಗಳ ಪಟ್ಟಿಯಲ್ಲಿ ವಿಂಡೋಸ್‌ಗೆ ಮಾತ್ರ ಅನ್ವಯಿಸುವ ಟಿಜೆಡ್‌ಡೇಟಾ ಎಂಬ ಹೆಸರಿದೆ. ಲಿನಕ್ಸ್ ಮತ್ತು ಮ್ಯಾಕ್‌ಓಎಸ್‌ಗಳಲ್ಲಿ ಕಾಲವಲಯಗಳ ಕಡತಗಳು ಸಾಮಾನ್ಯವಾಗಿ ಸಿಸ್ಟಂನಲ್ಲೇ ಇರುತ್ತವೆ ಮತ್ತು ಪೈಥಾನ್ 3.9ರಲ್ಲಿ ಬಂದ ಜೋನ್‌ಇನ್ಫೋ ಮಾಡ್ಯೂಲ್ ಅವನ್ನು ನೇರವಾಗಿ ಓದಿಕೊಳ್ಳುತ್ತದೆ; ವಿಂಡೋಸ್‌ನಲ್ಲಿ ಆ ರೂಪದ ಕಡತಗಳು ಇಲ್ಲದ ಕಾರಣ ಅವನ್ನು ಬೇರೆಯಾಗಿ ತರಿಸಿಕೊಳ್ಳಬೇಕಾಗುತ್ತದೆ. ಸಿಸ್ಟಂನಲ್ಲಿ ಏನಿದೆಯೆಂದು ನಂಬುವುದು, ಏನನ್ನು ಜೊತೆಗೇ ಕಳುಹಿಸುವುದು ಎಂಬ ತೀರ್ಮಾನವೇ ಪ್ಯಾಕೇಜಿಂಗ್‌ನ ತಿರುಳು ಎಂದು ನನಗನ್ನಿಸುತ್ತದೆ.

ಡೇಟಾಬೇಸ್ ಡ್ರೈವರ್‌ಗಳ ಹಂತಕ್ಕೆ ಬಂದಾಗ ಈ ತೀರ್ಮಾನ ಕಠಿಣವಾಗುತ್ತದೆ, ಏಕೆಂದರೆ ಅಲ್ಲಿ ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಭಾಗಗಳಿರುತ್ತವೆ. ಬಹುತೇಕ ಲಿನಕ್ಸ್‌ಗಳ ಮೂಲ ಸಿ ಲೈಬ್ರರಿಯಾದ ಗ್ಲಿಬ್‌ಸಿಯ ಹಳೆಯ ಆವೃತ್ತಿಯ ಮೇಲೆ ಕಂಪೈಲ್ ಮಾಡಿದ್ದು ಹೊಸದರಲ್ಲಿ ನಡೆಯುತ್ತದೆ, ಆದರೆ ಹೊಸದರ ಮೇಲೆ ಮಾಡಿದ್ದು ಹಳೆಯದರಲ್ಲಿ ನಡೆಯುವ ಭರವಸೆಯಿಲ್ಲ. ಆದ್ದರಿಂದಲೇ ಲಿನಕ್ಸ್ ವ್ಹೀಲ್‌ಗಳಿಗಾಗಿನ ಮೆನಿಲಿನಕ್ಸ್2014 ಎಂಬ ಮಾನದಂಡ ಗ್ಲಿಬ್‌ಸಿ 2.17ಕ್ಕಿಂತ ಹೊಸದನ್ನು ಬೇಡುವಂತಿಲ್ಲ ಎಂದು ಗೆರೆ ಎಳೆಯಿತು. ಆಲ್ಪೈನ್ ಲಿನಕ್ಸ್ ಗ್ಲಿಬ್‌ಸಿಯ ಬದಲು ಮಸ್ಲ್ ಎಂಬ ಬೇರೆ ಸಿ ಲೈಬ್ರರಿಯನ್ನು ಬಳಸುವುದರಿಂದ ಅಲ್ಲಿ ಈ ಗೆರೆಗೂ ಅರ್ಥವಿರಲಿಲ್ಲ. ಮಸ್ಲ್‌ಗೆಂದೇ ಪ್ರತ್ಯೇಕ ವ್ಹೀಲ್ ಗುರುತನ್ನು 2021ರಲ್ಲಿ ರೂಪಿಸುವವರೆಗೆ ಕಂಪೈಲ್ ಮಾಡಬೇಕಾದ ಪ್ಯಾಕೇಜುಗಳನ್ನು ಪೈಥಾನಿನ ಇನ್‌ಸ್ಟಾಲರ್ ಆದ ಪಿಪ್ ಅಲ್ಲೇ ಮೂಲ ಕೋಡಿನಿಂದ ಕಟ್ಟುತ್ತಿತ್ತು, ಮತ್ತು ಗಾತ್ರ ಚಿಕ್ಕದಿರಲೆಂದು ಆಲ್ಪೈನ್ ಆರಿಸಿಕೊಂಡವರು ಅದರೊಳಗೆ ಜಿಸಿಸಿ ಕಂಪೈಲರನ್ನೂ ಹೆಡರ್ ಕಡತಗಳನ್ನೂ ತುಂಬಬೇಕಾಗುತ್ತಿತ್ತು.

ಬೇಕಾದುದೆಲ್ಲವನ್ನೂ ಜೊತೆಗೇ ಕಟ್ಟಿ ಕಳುಹಿಸಿದರೂ ತೊಂದರೆ ತಪ್ಪುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸಂಪರ್ಕ ಕಲ್ಪಿಸುವ ಸೈಕೋಪಿಜಿ2ರ 2.7 ಆವೃತ್ತಿಯ ವ್ಹೀಲ್ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ತನ್ನದೇ ಪ್ರತಿಯನ್ನು ಹೊತ್ತು ಬರುತ್ತಿತ್ತು. ಪೈಥಾನಿನ ಎಸ್‌ಎಸ್‌ಎಲ್ ಮಾಡ್ಯೂಲ್ ಸಿಸ್ಟಂನ ಪ್ರತಿಯನ್ನು ಬಳಸುತ್ತಿದ್ದುದರಿಂದ ಒಂದೇ ಪ್ರಕ್ರಿಯೆಯೊಳಗೆ ಎರಡು ಪ್ರತಿಗಳು ಸೇರಿಕೊಂಡು, ಹಲವು ಥ್ರೆಡ್‌ಗಳು ಒಟ್ಟಿಗೆ ಕೆಲಸ ಮಾಡುವಾಗ ಪ್ರೋಗ್ರಾಂ ಕುಸಿದುಬೀಳುವ ಸಾಧ್ಯತೆಯಿತ್ತು. ಕೊನೆಗೆ ಕಂಪೈಲ್ ಮಾಡಿದ ವ್ಹೀಲ್‌ಗಳನ್ನು ಸೈಕೋಪಿಜಿ2-ಬೈನರಿ ಎಂಬ ಬೇರೆ ಹೆಸರಿಗೆ ಸರಿಸಿ, ನಿಜವಾದ ಸರ್ವರುಗಳಲ್ಲಿ ಮೂಲದಿಂದ ಕಟ್ಟಿದ್ದನ್ನೇ ಬಳಸಿರೆಂದು ಅದರ ನಿರ್ವಾಹಕರು ಸಲಹೆ ನೀಡಿದರು. ಬಳಕೆದಾರರಿಗೆ ಅನುಕೂಲ ಕಡಿಮೆಯಾದರೂ ನಿರ್ಧಾರ ಸರಿಯಾದದ್ದೇ.

ಲಿನಕ್ಸ್ ವಿತರಣೆಯಾದ ಡೆಬಿಯನ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದೆ: ಒಂದು ಲೈಬ್ರರಿಗೆ ಸಾಧ್ಯವಾದಷ್ಟೂ ಒಂದೇ ಪ್ರತಿ, ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಇದರಿಂದ ಭದ್ರತಾ ತಿದ್ದುಪಡಿಯನ್ನು ಒಂದೇ ಕಡೆ ಮಾಡಿದರೆ ಸಾಕಾಗುತ್ತದೆ, ಆದರೆ ಆವೃತ್ತಿಗಳು ಹಳೆಯವಾಗುತ್ತವೆ. ಡೆಬಿಯನ್ 12ರಲ್ಲಿರುವುದು ಜಾಂಗೋ 3.2, ಅದಕ್ಕೆ ಜಾಂಗೋ ತಂಡದ ಬೆಂಬಲ 2024ರ ಏಪ್ರಿಲ್‌ನಲ್ಲೇ ಮುಗಿದಿರುವುದರಿಂದ ಆನಂತರದ ತಿದ್ದುಪಡಿಗಳನ್ನು ಹಳೆಯ ಕೋಡಿಗೆ ಹೊಂದಿಸುವ ಹೊರೆ ಡೆಬಿಯನ್‌ನವರದಾಯಿತು. ಡೆಬಿಯನ್ 12ರಿಂದೀಚೆಗೆ ಸಿಸ್ಟಂನ ಪೈಥಾನಿಗೆ ಪಿಪ್ ಮೂಲಕ ಏನನ್ನಾದರೂ ಇನ್‌ಸ್ಟಾಲ್ ಮಾಡಹೊರಟರೆ, ಈ ಪರಿಸರ ಬೇರೆಯವರ ನಿರ್ವಹಣೆಯಲ್ಲಿದೆ ಎಂದು ಪಿಪ್ ನಿರಾಕರಿಸುತ್ತದೆ. ಹೊಸಬರು ಇದರಿಂದ ಸಿಡಿಮಿಡಿಗೊಳ್ಳುತ್ತಾರೆ, ಆದರೆ ಎರಡು ಪ್ಯಾಕೇಜ್ ವ್ಯವಸ್ಥೆಗಳು ಒಂದೇ ಫೋಲ್ಡರಿನಲ್ಲಿ ಕೈಯಾಡಿಸುವುದಕ್ಕಿಂತ ಸಿಸ್ಟಂನಿಂದ ಬೇರೆಯಾದ ವರ್ಚುವಲ್ ಪರಿಸರ ಮಾಡಿಕೊಳ್ಳುವುದೇ ಮೇಲು.

ಇನ್ನುಳಿದವು ಸಣ್ಣ ತಕರಾರುಗಳು. ವಿಂಡೋಸ್‌ನ ಸಾಲುಮುಕ್ತಾಯದ ಚಿಹ್ನೆ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಉಳಿದುಕೊಂಡರೆ, ಲಿನಕ್ಸ್ ಕಣ್ಣಿಗೆ ಕಾಣದ ಆ ಅಕ್ಷರವನ್ನೂ ಸೇರಿಸಿಕೊಂಡು ‘ಪೈಥಾನ್3’ ಎಂಬ ಪ್ರೋಗ್ರಾಂ ಇಲ್ಲವೆಂದು ಹೇಳುತ್ತದೆ. ಆದ್ದರಿಂದ ಸ್ಕ್ರಿಪ್ಟನ್ನು ನೇರವಾಗಿ ಕಳುಹಿಸದೆ ಎಂಟ್ರಿ ಪಾಯಿಂಟ್ (ಯಾವ ಆಜ್ಞೆಗೆ ಯಾವ ಫಂಕ್ಷನ್ ಓಡಬೇಕೆಂಬ ಸೂಚನೆ) ಘೋಷಿಸುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಎಕ್ಸಿ ಕಡತವನ್ನೂ ಬೇರೆಡೆ ಸ್ಕ್ರಿಪ್ಟನ್ನೂ ಪಿಪ್ ತಾನೇ ಸೃಷ್ಟಿಸುತ್ತದೆ.

ಪರೀಕ್ಷೆಯನ್ನು ಮಾತ್ರ ಮೂಲ ಫೋಲ್ಡರಿನೊಳಗೆ ಕುಳಿತು ಮಾಡಬಾರದು. ಟೆಂಪ್ಲೇಟುಗಳು, ಅನುವಾದದ ಕಡತಗಳು, ಸಿಎಸ್‌ಎಸ್ ಮೊದಲಾದವು ವ್ಹೀಲ್‌ಗೆ ಸೇರದೇ ಹೋಗಿದ್ದರೂ ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಟ್ಟಿದ ವ್ಹೀಲನ್ನು ಬೇರೆ ಫೋಲ್ಡರಿನ ಖಾಲಿ ಪರಿಸರದಲ್ಲಿ ಇನ್‌ಸ್ಟಾಲ್ ಮಾಡಿ ಜಾಂಗೋದ ಅಡ್ಮಿನ್ ಪುಟ ತೆರೆದಾಗಷ್ಟೇ ನಿಜಸ್ಥಿತಿ ತಿಳಿಯುತ್ತದೆ. ವ್ಹೀಲ್ ಜೊತೆಗೆ ಮೂಲ ಕೋಡಿನ ಆರ್ಕೈವನ್ನೂ, ಅದರೊಳಗೆ ಪರೀಕ್ಷೆಗಳನ್ನೂ ಇಡಬೇಕೆಂದು ನಾನು ಒತ್ತಾಯಿಸುತ್ತೇನೆ. ಡೆಬಿಯನ್ ಮತ್ತು ಫ್ರೀಬಿಎಸ್‌ಡಿಯವರು ಮೂಲದಿಂದಲೇ ಕಟ್ಟುತ್ತಾರೆ, ಮತ್ತು ಬೈಟ್‌ಗಳ ಕ್ರಮವೇ ತಿರುವುಮುರುವಾಗಿರುವ ಐಬಿಎಂನ ಎಸ್390ಎಕ್ಸ್ ಮೇನ್‌ಫ್ರೇಮ್ ಯಂತ್ರಗಳಲ್ಲಿ ಆ ಪರೀಕ್ಷೆಗಳನ್ನು ಓಡಿಸುವ ಅವಕಾಶ ಇರುವುದೂ ಡೆಬಿಯನ್‌ನಂಥವರಿಗೇ.