ಒದ್ದೆಯಾಗಿ ತಲುಪಿದ ಪೆಟ್ಟಿಗೆ

ಗೆಳೆಯನ ಫೋನ್ ಬಂದಾಗ ನಾನು ಮನೆಯಲ್ಲಿ ಮಾಡುವ ಬಿಯರಿನ ಮುಂದಿನ ಬ್ಯಾಚಿಗೆ ಬಾಟಲಿ ತೊಳೆಯುತ್ತಿದ್ದೆ. "ಪೆಟ್ಟಿಗೆ ಬಂತು ಕಣೋ. ಆದ್ರೆ ತಳ ಪೂರ್ತಿ ಒದ್ದೆ. ಎತ್ತಿದ್ರೆ ಒಳಗೆ ಗಾಜಿನ ಸದ್ದು" ಅಂದ. ನನ್ನ ಬಾಯಿಂದ ಮೊದಲು ಬಂದ ಮಾತು, "ಬರಿಗೈ ಹಾಕ್ಬೇಡ, ದಪ್ಪ ಗ್ಲೌಸ್ ಹಾಕ್ಕೋ" ಅಂತ. ಬೇಜಾರು ಆಮೇಲೆ ಬಂತು.

ಆ ಪೆಟ್ಟಿಗೆಯಲ್ಲಿ 330 ಎಂಎಲ್‌ನ ಆರು ಬಾಟಲಿಗಳಿದ್ದವು. ಪೋರ್ಟರ್ ಅನ್ನುವ ಕಪ್ಪು ಬಣ್ಣದ ಬಿಯರ್. ಕುದಿಸಿ, ಹುದುಗಿಸಿ, ಬಾಟಲಿಗೆ ತುಂಬಿ, ಗ್ಯಾಸ್ ಹಿಡಿಯಲು ಬಿಟ್ಟು, ಸುಮಾರು ಎರಡು ತಿಂಗಳು ಕಾದಿದ್ದೆ. ನನಗೆ ಬಿಯರ್ ಮಾಡುವುದನ್ನು ಕಲಿಸಿದವನೇ ಈ ಗೆಳೆಯ. ಅವನು ಕುಡಿದು ಏನು ಹೇಳುತ್ತಾನೆ ಅನ್ನುವುದೇ ನನಗೆ ಆ ಬ್ಯಾಚಿನ ಫಲಿತಾಂಶವಾಗಿತ್ತು.

ಅವನು ಫೋಟೋ ಕಳಿಸಿದ. ಒಡೆದಿದ್ದು ಒಂದೇ ಬಾಟಲಿ. ಅದು ಕತ್ತಿನಲ್ಲಿ ಒಡೆದಿರಲಿಲ್ಲ, ಹೊಟ್ಟೆಯ ಭಾಗದಲ್ಲಿ ಒಡೆದಿತ್ತು. ಪಕ್ಕದ ಬಾಟಲಿಯಲ್ಲೂ ಅದೇ ಎತ್ತರದಲ್ಲಿ ಉಗುರಿನಷ್ಟು ಬಿಳಿ ಗೀರು ಇತ್ತು. ಎರಡೂ ಒಂದಕ್ಕೊಂದು ಬಡಿದುಕೊಂಡಿದ್ದವು ಅನ್ನುವುದು ಸ್ಪಷ್ಟ. ಆ ಒಂದರ ಬಿಯರ್ ಹರಿದು ರಟ್ಟು ನೆನೆದಿತ್ತು. ನೆನೆದ ರಟ್ಟಿಗೆ ಶಕ್ತಿ ಇರುವುದಿಲ್ಲ. ಇನ್ನೊಂದು ದಿನ ದಾರಿಯಲ್ಲಿದ್ದಿದ್ದರೆ ತಳ ಕಳಚಿ ಉಳಿದ ಐದೂ ನೆಲಕ್ಕೆ ಬೀಳುತ್ತಿದ್ದವು.

ನಾನು ಮಧ್ಯೆ ತುರುಕಿದ್ದು ಉಂಡೆ ಮಾಡಿದ ಹಳೆಯ ಪೇಪರ್. ಮನೆಯಲ್ಲಿ ಮುಚ್ಚುವಾಗ ಬೆರಳು ತೂರದಷ್ಟು ಬಿಗಿಯಾಗಿತ್ತು. ಆದರೆ ಫೋಟೋದಲ್ಲಿ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ. ಗಾಡಿ ಓಡುವಾಗ ಆಗುವ ಸಣ್ಣ ಅದುರಾಟಕ್ಕೇ ಪೇಪರ್ ಉಂಡೆ ಚಪ್ಪಟೆಯಾಗುತ್ತದೆ, ಮತ್ತೆ ಉಬ್ಬುವುದಿಲ್ಲ. ಮನೆಯಲ್ಲಿ ಬಿಗಿಯಾಗಿದ್ದದ್ದು ದಾರಿಯಲ್ಲಿ ಸಡಿಲವಾಗುತ್ತದೆ. ನನಗೆ ಇದು ಹೊಳೆದೇ ಇರಲಿಲ್ಲ. ಹೊರಗಿಂದ ಯಾರಾದರೂ ಎತ್ತಿ ಎಸೆದರೆ ಮಾತ್ರ ಒಡೆಯುತ್ತದೆ ಅಂದುಕೊಂಡಿದ್ದೆ. ಶತ್ರು ಒಳಗೇ, ಪಕ್ಕದಲ್ಲೇ ಇತ್ತು.

ಎರಡನೇ ಸಲ ಕಳಿಸುವ ಮೊದಲು ಪ್ಯಾಕಿಂಗ್‌ಗಿಂತ ಮುಂಚೆ ಬಿಯರ್ ಅನ್ನೇ ಒಮ್ಮೆ ನೋಡಬೇಕು ಅನ್ನಿಸಿತು. ಎಷ್ಟು ಮೆತ್ತಗೆ ಸುತ್ತಿದರೂ ಒಳಗಿನ ಒತ್ತಡಕ್ಕೆ ಬಾಟಲಿ ತಾನೇ ಸಿಡಿದರೆ ಏನು ಪ್ರಯೋಜನ, ಅಲ್ವಾ? ಬ್ಯಾಚಿನ ಲೆಕ್ಕ ಬರೆದಿಟ್ಟ ಪುಸ್ತಕ ತೆಗೆದು ನೋಡಿದೆ. ಬಾಟಲಿಗೆ ತುಂಬುವ ಮುನ್ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಸತತವಾಗಿ 1.012 ತೋರಿಸಿತ್ತು. ಯೀಸ್ಟ್ ಸಕ್ಕರೆ ತಿಂದಷ್ಟೂ ಈ ಅಂಕ ಇಳಿಯುತ್ತದೆ. ಇಳಿಯುತ್ತಿಲ್ಲ ಅಂದರೆ ಹುದುಗುವಿಕೆ ನಿಂತಿದೆ. ಇದು ನಿಲ್ಲದೆ ತುಂಬಿ, ಬಾಟಲಿಯೊಳಗೆ 1.008ಕ್ಕೆ ಇಳಿದಿದ್ದರೆ, ಆ ನಾಲ್ಕೇ ನಾಲ್ಕು ಅಂಕದಿಂದ ಗ್ಯಾಸ್ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತಿತ್ತು. ಗ್ಯಾಸ್ ಹಿಡಿಯಲಿ ಅಂತ ತುಂಬುವಾಗ ಸಕ್ಕರೆ ಹಾಕಿದ್ದು ಲೀಟರಿಗೆ 6 ಗ್ರಾಂ. ಆ ಲೆಕ್ಕದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಾಟಲಿಯ ಒಳಗೆ ಸುಮಾರು 25 ಪಿಎಸ್‌ಐ ಒತ್ತಡ ಇರುತ್ತದೆ, ಕಾರಿನ ಟೈರಿಗಿಂತ ಸ್ವಲ್ಪ ಕಡಿಮೆ. ಅದೇ ಬಾಟಲಿ ಬಿಸಿಲಲ್ಲಿ ನಿಂತ ಗಾಡಿಯೊಳಗೆ 40 ಡಿಗ್ರಿಗೆ ಕಾದರೆ ಒತ್ತಡ 50ರ ಹತ್ತಿರಕ್ಕೆ ಏರುತ್ತದೆ. ಕುಲುಕಿದ್ದಕ್ಕೆ ಬಾಟಲಿ ಸಿಡಿಯುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಅಷ್ಟು ಹೆದರಬೇಕಾದ್ದು ಕುಲುಕಾಟಕ್ಕಲ್ಲ, ಬಿಸಿಗೆ. ಚಳಿಯೂ ಅಷ್ಟೇ ಕೆಟ್ಟದ್ದು. ನೀರು ಹೆಪ್ಪುಗಟ್ಟಿದರೆ ಶೇಕಡ 9ರಷ್ಟು ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ.

ಪ್ಯಾಕ್ ಮಾಡುವ ಹಿಂದಿನ ದಿನ ಅದೇ ಬ್ಯಾಚಿನ ಒಂದು ಬಾಟಲಿ ತೆರೆದು ನೋಡಿದೆ. ನೊರೆ ಉಕ್ಕಿ ಹೊರಗೆ ಬರಲಿಲ್ಲ. ಉಕ್ಕಿದ್ದರೆ ಆ ಬ್ಯಾಚ್ ಮನೆಯಲ್ಲೇ ಉಳಿಯುತ್ತಿತ್ತು. ಸಿಡಿಯಬಹುದಾದ ಗಾಜನ್ನು ಇನ್ನೊಬ್ಬರ ಕೈಯಲ್ಲಿ ಹೊರಿಸುವುದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಾಟಲಿಗಳನ್ನೂ ಆರಿಸಿದೆ. ದಪ್ಪ ಗಾಜಿನ ಕಂದು ಬಾಟಲಿ, ಬಾಯಂಚಿನ ಸುತ್ತ ಉಗುರು ಓಡಿಸಿದರೆ ಎಲ್ಲೂ ತಡೆಯಬಾರದು. ತಿರುಗಿಸಿ ತೆರೆಯುವ ಮುಚ್ಚಳದ ಬಾಟಲಿಗಳನ್ನು ಬದಿಗಿಟ್ಟೆ. ಅವುಗಳ ಬಾಯಿ ತೆಳು, ನಾವು ಒತ್ತುವ ಮುಚ್ಚಳ ಅಲ್ಲಿ ಸರಿಯಾಗಿ ಕೂರುವುದಿಲ್ಲ.

ಭಾನುವಾರ ಬೆಳಿಗ್ಗೆ ತಂಗಿ ಸಹಾಯಕ್ಕೆ ಕೂತಳು. ಅವಳು ಬಿಯರ್ ಕುಡಿಯುವುದಿಲ್ಲ, ಆದರೆ ಪ್ಯಾಕಿಂಗ್ ಅಂದರೆ ಅವಳಿಗೆ ಪ್ರಾಣ. ಬಂದವಳೇ, "ಮೊದಲು ನೀರು ತುಂಬಿ ನೋಡೋಣ ಅಣ್ಣ. ನೀರು ಹೋದ್ರೆ ಹೋಗ್ಲಿ" ಅಂದಳು. ಆ ಒಂದು ಮಾತು ಉಳಿದೆಲ್ಲವನ್ನೂ ಬದಲಾಯಿಸಿತು.

ಆರು ಖಾಲಿ ಬಾಟಲಿಗಳಿಗೆ ನೀರು ತುಂಬಿ ಮುಚ್ಚಳ ಒತ್ತಿದೆವು. ಒಂದೊಂದನ್ನೂ ಬಬಲ್ ವ್ರ್ಯಾಪ್‌ನಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿ, ಟೇಪ್ ಹೊಡೆದು, ಸೊಂಟದ ಎತ್ತರದಿಂದ ಮೂಲೆಗೆ ಬೀಳುವ ಹಾಗೆ ಬಿಟ್ಟೆವು. ಒಂದು ಬಾಟಲಿಯ ತಳ ಬಿರುಕು ಬಿಟ್ಟಿತು. ಬಿಚ್ಚಿ ನೋಡಿದರೆ ಕಾರಣ ಅಲ್ಲೇ ಇತ್ತು. ನಾವು ಹೊಟ್ಟೆಗೆ ಮೂರು ಸುತ್ತು ಸುತ್ತಿದ್ದೆವು, ತಳಕ್ಕೆ ಬರೀ ಒಂದು ಮಡಿಕೆ. ಬಾಟಲಿಯ ಭಾರವೆಲ್ಲ ಕೂರುವುದು ತಳದ ಮೇಲೇ. ಬಿದ್ದ ಮೂಲೆಗೂ ಆ ತಳಕ್ಕೂ ನಡುವೆ ಇದ್ದದ್ದು ಬರೀ ರಟ್ಟು.

ಆಮೇಲೆ ಸುತ್ತುವ ಕ್ರಮವನ್ನೇ ಬದಲಾಯಿಸಿದೆವು. ಹಾಳೆಯನ್ನು ಬಾಟಲಿಗಿಂತ ಒಂದು ಗೇಣು ಉದ್ದ ಕತ್ತರಿಸುವುದು. ಗುಳ್ಳೆಗಳು ಗಾಜಿನ ಕಡೆಗೆ. ಬಾಟಲಿಯನ್ನು ಅಡ್ಡ ಮಲಗಿಸಿ, ಹಾಳೆ ತಳದಿಂದಲೂ ಕತ್ತಿನಿಂದಲೂ ಆಚೆ ಉಳಿಯುವ ಹಾಗೆ ಬಿಗಿಯಾಗಿ ಮೂರು ಸುತ್ತು ಉರುಳಿಸುವುದು. ಉಳಿದ ಅಂಚನ್ನು ತಳದ ಮೇಲೆ ಮಡಚಿ ಟೇಪ್ ಹೊಡೆದರೆ ಅಲ್ಲಿ ಒಂದು ಪುಟ್ಟ ದಿಂಬು ಆಗುತ್ತದೆ. ಕತ್ತು ಹೊಟ್ಟೆಗಿಂತ ಸಪೂರ, ಅಲ್ಲಿ ಹಾಳೆ ಸಡಿಲವಾಗಿ ನಿಲ್ಲುತ್ತದೆ. ಅದಕ್ಕೆ ಕತ್ತಿಗೆ ಬೇರೆಯೇ ಪಟ್ಟಿ ಸುತ್ತಿ, ಬಾಟಲಿ ಮೇಲಿಂದ ಕೆಳಗೆ ಒಂದೇ ದಪ್ಪ ಆಗುವವರೆಗೆ ತುಂಬಿದೆವು. ಕೊನೆಗೆ ಪ್ರತಿ ಬಾಟಲಿಯೂ ಒಂದು ಜಿಪ್ ಕವರಿನೊಳಗೆ. ಒಂದು ಒಡೆದರೂ ಅದರ ಬಿಯರ್ ಅದರ ಕವರಿನಲ್ಲೇ ಉಳಿಯಬೇಕು, ರಟ್ಟಿಗೆ ಹೋಗಬಾರದು.

ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಟ್ಟೆವು. ಒಳಗಿನದರಲ್ಲಿ ರಟ್ಟಿನ ಅಡ್ಡಗೋಡೆಗಳು, ಒಂದು ಮನೆಗೆ ಒಂದು ಬಾಟಲಿ, ನೆಟ್ಟಗೆ. ಒಳಪೆಟ್ಟಿಗೆಯ ಆರೂ ಕಡೆ ಸುಮಾರು 5 ಸೆಂಟಿಮೀಟರ್ ಮೆತ್ತೆ. ಥರ್ಮೊಕೋಲ್ ಚೂರುಗಳನ್ನು ಸುರಿಯೋಣ ಅಂತ ನಾನು ಅಂದೆ, ತಂಗಿ ಬೇಡ ಅಂದಳು. ಭಾರದ ವಸ್ತು ಅದರಲ್ಲಿ ನಿಧಾನಕ್ಕೆ ಕೆಳಗೆ ಇಳಿದು ತಳ ಮುಟ್ಟಿಬಿಡುತ್ತದೆ, ಮರಳಿನಲ್ಲಿ ಕಲ್ಲು ಇಳಿದ ಹಾಗೆ. ಬದಲಿಗೆ ಹಳೆಯ ಫೋಮ್ ಹಾಸಿಗೆಯೊಂದನ್ನು ಕತ್ತರಿಸಿ ಪಟ್ಟಿ ಮಾಡಿದೆವು.

ಟೇಪ್ ಹೊಡೆದು, ಎರಡೂ ಕೈಯಲ್ಲಿ ಎತ್ತಿ, ಕಿವಿ ಹತ್ತಿರ ತಂದು ಅಲುಗಾಡಿಸಿದೆ. ಒಳಗೆಲ್ಲೋ ತೀರಾ ಸಣ್ಣದಾಗಿ 'ಟಕ್' ಅಂತು. "ಇಷ್ಟೇ ಅಲ್ವಾ, ಸಾಕು ಬಿಡು" ಅಂದೆ. ತಂಗಿ ಮಾತೇ ಆಡದೆ ಕತ್ತರಿ ತಗೊಂಡು ಟೇಪ್ ಬಿಚ್ಚಿದಳು. ಒಂದು ಮೂಲೆಯ ಬಾಟಲಿ ತನ್ನ ಮನೆಯೊಳಗೆ ಕಡ್ಡಿಯಷ್ಟು ಆಡುತ್ತಿತ್ತು. ಅಲ್ಲಿ ಒಂದು ಮಡಿಕೆ ತುಂಬಿ ಮುಚ್ಚಿದೆವು. ಈ ಸಲ ಸದ್ದೇ ಇಲ್ಲ. ಮತ್ತೆ ಸೊಂಟದ ಎತ್ತರದಿಂದ ಬಿಟ್ಟೆವು, ಒಮ್ಮೆ ಮೂಲೆಗೆ, ಒಮ್ಮೆ ಅಂಚಿಗೆ, ಒಮ್ಮೆ ತಲೆಕೆಳಗಾಗಿ. ಬಿಚ್ಚಿದಾಗ ಆರೂ ಬಾಟಲಿ ಹಾಗೇ ಇದ್ದವು. ತಂಗಿ ಚಪ್ಪಾಳೆ ಹೊಡೆದಳು. ಬಿದ್ದ ಪೆಟ್ಟಿಗೆಯ ರಟ್ಟು ಒಳಗೇ ಬಳಲಿರುತ್ತದೆ ಅಂತ ಬಿಯರಿಗೆ ಹೊಸ ಹೊರಪೆಟ್ಟಿಗೆ ತೆಗೆದೆವು.

ಎಲ್ಲ ಸೇರಿ ನಾಲ್ಕೂವರೆ ಕಿಲೋ ತೂಗಿತು. ಸೋಮವಾರ ಕೊಟ್ಟರೆ ವಾರಾಂತ್ಯದಲ್ಲಿ ಗೋದಾಮಿನಲ್ಲಿ ಕೊಳೆಯುವುದಿಲ್ಲ ಅಂತ ಸೋಮವಾರವೇ ಹೊರಟೆ. ಎಲ್ಲ ಕಡೆ ಬಿಯರ್ ತಗೊಳ್ಳುವುದಿಲ್ಲ. ಜಾಗಕ್ಕೊಂದು ಕಾನೂನು, ಕೊರಿಯರಿಗೊಂದು ನಿಯಮ. ಎರಡು ಕಡೆ ಫೋನಿನಲ್ಲೇ ಆಗಲ್ಲ ಅಂದಿದ್ದರು. ಮೂರನೆಯವರು ಒಪ್ಪಿದ್ದರು, ಅಲ್ಲಿ ಒಳಗೇನಿದೆ ಅಂತ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ಗಾಜಿನ ಸಾಮಾನು ಅಂತಷ್ಟೇ ಬರೆದು ಕಳಿಸಿಬಿಡು ಅಂತ ಹೇಳಿದವರಿದ್ದರು. ನನಗೆ ಮನಸ್ಸು ಬರಲಿಲ್ಲ. ಪೆಟ್ಟಿಗೆ ಎತ್ತುವವನಿಗೆ ತಾನು ಏನು ಎತ್ತುತ್ತಿದ್ದೇನೆ ಅಂತ ಗೊತ್ತಿರಬೇಕು.

ಮೂರು ದಿನ ಫೋನ್ ಕೈಯಲ್ಲೇ ಹಿಡಿದು ಓಡಾಡಿದೆ. ನಾಲ್ಕನೇ ದಿನ ಗೆಳೆಯನ ಸಂದೇಶ ಬಂತು. ಮೇಜಿನ ಮೇಲೆ ಸಾಲಾಗಿ ನಿಂತ ಆರು ಬಾಟಲಿಗಳ ಫೋಟೋ, ಕೆಳಗೆ ಒಂದೇ ಪದ, "ಒದ್ದೆಯಾಗಿಲ್ಲ". ಈಗಲೇ ತೆರೆಯಬೇಡ, ಫ್ರಿಜ್ಜಿನಲ್ಲಿ ನೆಟ್ಟಗೆ ಒಂದು ನಾಲ್ಕು ದಿನ ಇಡು ಅಂತ ಬೇಡಿಕೊಂಡೆ. ದಾರಿಯ ಕುಲುಕಾಟಕ್ಕೆ ಎದ್ದ ಯೀಸ್ಟಿನ ಗಸಿ ಮತ್ತೆ ತಳದಲ್ಲಿ ಕೂರಬೇಕು, ಇಲ್ಲದಿದ್ದರೆ ಮೊದಲ ಗುಟುಕಿಗೇ ಯೀಸ್ಟ್ ನಾಲಿಗೆಗೆ ಸಿಗುತ್ತದೆ. ಅವನು ಕಾದ. ಐದನೇ ದಿನ ಕುಡಿದು, ಹುರಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರುಚಿ ಚೆನ್ನಾಗಿ ಬಂದಿದೆ, ಕಹಿ ಒಂಚೂರು ಜಾಸ್ತಿ, ಮುಂದಿನ ಸಲ ಆ ಕಹಿ ಕೊಡುವ ಹಾಪ್ಸ್ ಹೂವನ್ನು ಇಳಿಸು ಅಂದ. ಆ ಮಾತನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡೆ.

ಮುಂದಿನ ತಿಂಗಳು ಅದೇ ಪೆಟ್ಟಿಗೆ ನನ್ನ ಬಾಗಿಲಿಗೆ ವಾಪಸ್ ಬಂತು. ಒಳಗೆ ಅವನು ಮಾಡಿದ ಗೋಧಿ ಬಿಯರ್, ನಮ್ಮದೇ ಫೋಮ್ ಪಟ್ಟಿಗಳ ನಡುವೆ. ಹೊರಗಿನ ಒಂದು ಮೂಲೆ ಅಂಗೈ ಅಗಲ ಜಜ್ಜಿಹೋಗಿತ್ತು. ಯಾವುದೋ ಕಡೆ ಜೋರಾಗಿಯೇ ಬಿದ್ದಿರಬೇಕು. ತಂಗಿಯನ್ನು ಕೂಗಿದೆ. ಅವಳು ಆ ಮೂಲೆಯ ಮೇಲೆ ಕೈ ಆಡಿಸಿದಳು, ಕತ್ತರಿ ತಂದಳು. ಜಜ್ಜಿದ ಜಾಗದ ಹಿಂದೆ ಫೋಮ್ ತಗ್ಗಾಗಿತ್ತು. ಅದರ ಹಿಂದಿನ ಒಳಪೆಟ್ಟಿಗೆಯ ಮೂಲೆ ಮಾತ್ರ ಚೂಪಾಗಿ ಹಾಗೇ ಇತ್ತು.